ನಾಲ್ಕನೇ ಬ್ಲಾಕ್ ಯಾಕೆ ಬೀಳುತ್ತೆ?

ನಮ್ಮ ಮಗಳಿಗೆ ಒಂದೂವರೆ ವರ್ಷ ತುಂಬಿದಾಗ ಮರದ ಬ್ಲಾಕ್ಸ್ ತಂದುಕೊಟ್ಟೆವು. ಐವತ್ತು ತುಂಡು, ಏಳು ಬಣ್ಣ, ಡಬ್ಬದ ಮೇಲೆ ನಗುತ್ತಿರುವ ಕೂಸಿನ ಫೋಟೋ. ಅವಳು ಒಂದರ ಮೇಲೊಂದು ಮೂರು ಇಡುತ್ತಿದ್ದಳು, ನಾಲ್ಕನೆಯದು ಇಟ್ಟ ಕೂಡಲೇ ಎಲ್ಲಾ ದಡಾರ್. ಪಾಪ, ಇನ್ನೂ ಕೈ ಹಿಡಿತ ಬಂದಿಲ್ಲ ಅಂದುಕೊಂಡು ಸುಮ್ಮನಿದ್ದೆವು. ಒಂದು ಭಾನುವಾರ ಮಧ್ಯಾಹ್ನ ಅವಳು ಮಲಗಿದ್ದಾಗ ನಾನೇ ಕೂತು ಜೋಡಿಸಿ ನೋಡಿದೆ. ನನ್ನದು ಆರಕ್ಕೆ ಬಿತ್ತು. ನಮ್ಮ ಮನೆಯವರದ್ದು ಐದಕ್ಕೇ ಬಿತ್ತು, ಅವರು ಸಿವಿಲ್ ಎಂಜಿನಿಯರ್ ಬೇರೆ!

ಅದೇ ವಾರ ಬಚ್ಚಲಮನೆ ಬಾಗಿಲು ಉಬ್ಬಿ ಮುಚ್ಚಲು ಬಾರದಂತಾಗಿತ್ತು. ನಮ್ಮ ದಾವಣಗೆರೆಯ ನಿಟುವಳ್ಳಿ ಕಡೆಯಿಂದ ವಯಸ್ಸಾದ ಬಡಗಿಯೊಬ್ಬರು ಬಂದಿದ್ದರು. ಅವರು ಬಾಗಿಲು ಕೀಸುತ್ತಿದ್ದಾಗ ಮಗಳು ಪಕ್ಕಕ್ಕೆ ಹೋಗಿ ಎರಡು ಬ್ಲಾಕ್ ಅವರ ಕೈಗೆ ಕೊಟ್ಟಳು. ಕೈಗೆ ಏನು ಸಿಕ್ಕರೂ ಅಳೆಯುವ ಅಭ್ಯಾಸ ನೋಡಿ, ಅಜ್ಜ ಅದಕ್ಕೆ ಮೂಲೆಮಟ್ಟ (ಮೂಲೆ ಸರಿ ಇದೆಯಾ ನೋಡುವ ಎಲ್ ಆಕಾರದ ಪಟ್ಟಿ) ಹಿಡಿದು ಬೆಳಕಿಗೆ ಎತ್ತಿ ನಕ್ಕರು. "ಇದಕ್ಕೆ ಮೂಲೇನೇ ಇಲ್ಲ ನೋಡು ತಂಗೀ. ಮೂಲೆ ಇಲ್ಲದ್ದು ನಿಲ್ಲೋದಾದ್ರೂ ಹೆಂಗೆ?" ನಿಜ, ಮೂಲೆಮಟ್ಟಕ್ಕೂ ಬ್ಲಾಕಿಗೂ ನಡುವೆ ಒಂದು ಕಡೆ ಬೆಳಕು ತೂರಿ ಬರುತ್ತಿತ್ತು. ಆಮೇಲೆ ಹತ್ತು ಬ್ಲಾಕ್ ನೆಲದ ಮೇಲೆ ಸಾಲಾಗಿ ಇಟ್ಟು ಮೇಲಿಂದ ಉಗುರು ಎಳೆದು ತೋರಿಸಿದರು. ಉಗುರು ಟಕ್ ಟಕ್ ಅಂತ ಮೆಟ್ಟಿಲು ಹತ್ತಿ ಇಳಿದಂತೆ ಹೋಯಿತು.

ನಾನು ಬಣ್ಣ ನೋಡಿದ್ದೆ, ಎಷ್ಟು ತುಂಡು ಅಂತ ನೋಡಿದ್ದೆ, ಬೆಲೆಯಂತೂ ನೋಡಿದ್ದೆ. ಅಳತೆ ನೋಡಿರಲಿಲ್ಲ. ಬ್ಲಾಕ್ಸ್ ಅಂದರೆ ಅಳತೆಯೇ ಅಂತ ಗೊತ್ತಾಗಿದ್ದು ಆವತ್ತು.

ಲೆಕ್ಕ ಸುಲಭ. ಒಂದು ಬ್ಲಾಕ್ 1 ಮಿ.ಮೀ. ಕಡಿಮೆ ಇದ್ದರೆ ಕಣ್ಣಿಗೆ ಕಾಣಲ್ಲ. ಆದರೆ ಅಂಥವೇ ಹತ್ತು ಪೇರಿಸಿ, ಪಕ್ಕದಲ್ಲಿ ಸರಿ ಅಳತೆಯವು ಹತ್ತು ಪೇರಿಸಿದರೆ ಎರಡು ಕಂಬಗಳ ನಡುವೆ 1 ಸೆಂ.ಮೀ. ವ್ಯತ್ಯಾಸ. ಅದರ ಮೇಲೆ ಸೇತುವೆ ಇಟ್ಟರೆ ಜಾರುಬಂಡಿ ಆಗುತ್ತದೆ. ಮೂಲೆ ಓರೆ ಇದ್ದರೆ ಇನ್ನೂ ಕೆಟ್ಟದ್ದು, ಯಾಕಂದರೆ ಕೆಳಗಿನ ಬ್ಲಾಕಿನ ಓರೆಯ ಮೇಲೆ ಮೇಲಿನದರ ಓರೆ ಸೇರುತ್ತದೆ, ಅದರ ಮೇಲೆ ಮತ್ತೊಂದರದು, ಹೀಗೆ ಚಕ್ರಬಡ್ಡಿಯ ಥರ ಬೆಳೆಯುತ್ತಾ ಹೋಗಿ ಐದಾರು ಆಗುವಷ್ಟರಲ್ಲಿ ಗೋಪುರ ವಾಲಿರುತ್ತದೆ. ದೊಡ್ಡವರಾದರೆ ತಿರುಗಿಸಿ ಮುರುಗಿಸಿ ಹೊಂದಿಸುತ್ತೇವೆ. ಒಂದೂವರೆ ವರ್ಷದ ಕೂಸಿಗೆ ಆ ಉಪಾಯ ಬರಲ್ಲ. ತನ್ನಿಂದ ಆಗಲ್ಲ ಅಂತ ಎದ್ದು ಹೋಗುತ್ತದೆ ಅಷ್ಟೇ.

ಹಾಗಾಗಿ ಅಂಗಡಿಯಲ್ಲಿ ಡಬ್ಬ ಬಿಚ್ಚಿ ತೋರಿಸಿ ಅನ್ನಿ, ನಾಚಿಕೆ ಬೇಡ. ಚೌಕಿಪೇಟೆಯಲ್ಲಿ ಸೀರೆಯ ಮಡಿಕೆ ಬಿಚ್ಚಿಸಿ ನೋಡಲ್ವಾ, ಹಂಗೇ. ಗಾಜಿನ ಕೌಂಟರ್ ಸಮತಟ್ಟಾಗಿರುತ್ತದೆ, ಅದರ ಮೇಲೆ ನಾಲ್ಕು ಚೌಕ ಪೇರಿಸಿ. ಒಂದೊಂದನ್ನೇ ಕಾಲು ಸುತ್ತು ತಿರುಗಿಸಿ ಮತ್ತೆ ಪೇರಿಸಿ. ಯಾವ ಕಡೆ ತಿರುಗಿಸಿದರೂ ನೆಟ್ಟಗೆ ನಿಂತರೆ ಮೂಲೆ ಸರಿ ಇದೆ ಅಂತ. ಆಮೇಲೆ ಎರಡು ಚೌಕ ಒತ್ತಾಗಿ ಇಟ್ಟು ಪಕ್ಕದಲ್ಲಿ ಒಂದು ಉದ್ದದ ಬ್ಲಾಕ್ ಇಡಿ. ಎರಡು ಸೇರಿದರೆ ಒಂದರ ಉದ್ದಕ್ಕೆ ಸರಿಯಾಗಬೇಕು. ಕೆಲವು ಸೆಟ್‌ಗಳಲ್ಲಿ ಎಷ್ಟು ಸೇರಿಸಿದರೂ ಒಂದಕ್ಕೊಂದು ಕೂಡುವುದೇ ಇಲ್ಲ. ನೋಡಲು ಚೆಂದ ಕಾಣುತ್ತವೆ, ಆದರೆ ಅವುಗಳಲ್ಲಿ ಏನೂ ಕಟ್ಟಲು ಆಗಲ್ಲ. ಆನ್‌ಲೈನ್‌ನಲ್ಲಿ ತರಿಸುವವರು ವಾಪಸ್ ಕಳಿಸುವ ಅವಕಾಶ ಇದೆಯಾ ನೋಡಿಕೊಂಡು, ಬಂದ ದಿನವೇ ಇಷ್ಟು ಮಾಡಿ.

ಈ ಒಂದಕ್ಕೆ ಎರಡು, ಎರಡಕ್ಕೆ ನಾಲ್ಕು ಅನ್ನೋ ಅಳತೆ ಇವತ್ತಿನದಲ್ಲ. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್, ಅಂದರೆ 1837ರಲ್ಲಿ ಶಿಶುವಿಹಾರ ಅನ್ನೋ ಯೋಚನೆಗೆ ರೂಪ ಕೊಟ್ಟ ಮಾಸ್ತರು, 2 ಇಂಚಿನ ಒಂದು ಮರದ ಘನವನ್ನು ಒಂದಿಂಚಿನ ಎಂಟು ಘನಗಳಾಗಿ ಕತ್ತರಿಸಿ ಮಕ್ಕಳ ಕೈಗೆ ಕೊಟ್ಟರು. ಬಿಡಿಸಿದರೆ ಎಂಟು, ಕೂಡಿಸಿದರೆ ಒಂದು. ಆಮೇಲೆ ನ್ಯೂಯಾರ್ಕಿನಲ್ಲಿ ಶಾಲೆ ನಡೆಸುತ್ತಿದ್ದ ಕ್ಯಾರೊಲಿನ್ ಪ್ರಾಟ್ ಅನ್ನೋ ಶಿಕ್ಷಕಿ, ಮರಗೆಲಸ ಬಲ್ಲ ಹೆಂಗಸು, 1910ರ ದಶಕದಲ್ಲಿ ದಪ್ಪ, ಅಗಲ, ಉದ್ದ 1:2:4 ಇರುವ ಬ್ಲಾಕ್ ಮಾಡಿದರು. ಅದಕ್ಕೆ ಯೂನಿಟ್ ಬ್ಲಾಕ್ ಅಂತ ಹೆಸರು. ಹೆಚ್ಚುಕಮ್ಮಿ ಮೂರೂವರೆ, ಏಳು, ಹದಿನಾಲ್ಕು ಸೆಂ.ಮೀ. ಸೆಟ್ಟಿನ ಉಳಿದ ಆಕಾರಗಳೆಲ್ಲ ಇದರ ಅರ್ಧ, ಕಾಲು, ಎರಡು ಪಟ್ಟು. ಇವತ್ತಿಗೂ ಒಳ್ಳೆಯ ಸೆಟ್‌ಗಳೆಲ್ಲ ಈ ಲೆಕ್ಕದ ಮೇಲೇ ನಿಂತಿವೆ.

ನಮ್ಮ ಮೇಸ್ತ್ರಿಗಳಿಗೆ ಇದರಲ್ಲಿ ಹೊಸದೇನೂ ಇಲ್ಲ. ಅಳತೆ ಇಟ್ಟಿಗೆ 19 ಸೆಂ.ಮೀ. ಉದ್ದ, 9 ಸೆಂ.ಮೀ. ಅಗಲ. ಗಾರೆ ಸೇರಿ 20 ಮತ್ತು 10 ಆಗುತ್ತದೆ, ಅಂದರೆ ಎರಡು ಅಡ್ಡ ಇಟ್ಟಿಗೆಗೆ ಒಂದು ಉದ್ದ ಇಟ್ಟಿಗೆ ಸಮ. ಚಿತ್ರದುರ್ಗದ ಕೋಟೆಗೆ ಹೋದಾಗ ಮಗಳನ್ನು ಎತ್ತಿಕೊಂಡು ಒಂದು ಗೋಡೆಯ ಪಕ್ಕ ನಿಂತಿದ್ದೆ. ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲು ಕೂತಿದೆ, ಸಂದಿಯಲ್ಲಿ ಉಗುರು ಹೋಗಲ್ಲ. ಅಂಟು ಇಲ್ಲದ ಕಡೆ ಹಿಡಿದು ನಿಲ್ಲಿಸುವುದು ಅಳತೆ ಮತ್ತು ಭಾರ. ಮನೆಯ ಬ್ಲಾಕ್ಸ್‌ನದೂ ಅದೇ ಕತೆ.

ಇನ್ನು ಗಾತ್ರ. ಇದು ಜೀವದ ವಿಷಯ, ಸ್ವಲ್ಪ ನಿಧಾನ ಓದಿ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆ ಪರೀಕ್ಷೆ ಮಾಡುವವರ ಹತ್ತಿರ ಒಂದು ಚಿಕ್ಕ ಟೊಳ್ಳು ಉರುಳೆ ಇರುತ್ತದೆ. ಅದರ ಬಾಯಿ 31.7 ಮಿ.ಮೀ. ಅಗಲ, ಆಳ ಒಂದು ಕಡೆ 25.4, ಇನ್ನೊಂದು ಕಡೆ 57.1 ಮಿ.ಮೀ., ಮಗುವಿನ ಗಂಟಲಿನ ಅಂದಾಜಿಗೆ ಮಾಡಿದ್ದು. ಆಟಿಕೆಯ ಯಾವುದೇ ತುಂಡು, ಮುರಿದು ಬಿದ್ದ ಚೂರೂ ಸೇರಿ, ಅದರೊಳಗೆ ಪೂರ್ತಿ ಕೂತುಬಿಟ್ಟರೆ ಆ ಆಟಿಕೆ ಮೂರು ವರ್ಷದೊಳಗಿನವರಿಗೆ ಆಗಲ್ಲ. ಆ ಉರುಳೆ ನಮ್ಮ ಹತ್ತಿರ ಇರಲ್ಲ, ಹತ್ತು ರೂಪಾಯಿ ನಾಣ್ಯ ಇರುತ್ತದೆ. ಅದು 27 ಮಿ.ಮೀ. ಉರುಳೆಯ ಬಾಯಿ ಅದಕ್ಕಿಂತ ಸ್ವಲ್ಪವೇ ದೊಡ್ಡದು. ನಾಣ್ಯಕ್ಕಿಂತ ಒಂದಿಷ್ಟು ದೊಡ್ಡದಿದೆ ಅಂತ ಸಮಾಧಾನ ಮಾಡಿಕೊಳ್ಳಬೇಡಿ, ಆರಾಮಾಗಿ ದೊಡ್ಡದಿರಲಿ. ನನ್ನ ಮಟ್ಟಿಗೆ ಚೌಕ ಅಂದರೆ 4 ಸೆಂ.ಮೀ. ಗುಂಡು ಆಕಾರದ್ದಾದರೆ ಇನ್ನೂ ದೊಡ್ಡದು ಬೇಕು, ಯಾಕಂದರೆ ಗುಂಡು ಗಂಟಲಲ್ಲಿ ಬಿರಡೆ ಹಾಕಿದಂತೆ ಕೂರುತ್ತದೆ.

ಮಕ್ಕಳ ಡಾಕ್ಟರು ತಪಾಸಣೆಯಲ್ಲಿ ಒಂದಿಂಚಿನ ಕೆಂಪು ಘನಗಳನ್ನು ಕೊಟ್ಟು ಪೇರಿಸು ಅಂತಾರಲ್ಲ, ಅದು ದೊಡ್ಡವರು ಎದುರಿಗೇ ಕೂತು ಆಡಿಸುವ ಆಟ. ಮನೆಯಲ್ಲಿ ನಾವು ಒಲೆ ಮುಂದೆ ಇರುತ್ತೇವೆ, ಕೂಸು ಪಡಸಾಲೆಯಲ್ಲಿ ಇರುತ್ತದೆ. ಎರಡೂ ಒಂದೇ ಅಲ್ಲ.

ಹಂಗಂತ ತೀರಾ ದೊಡ್ಡದೂ ಬೇಡ. 3.5×7×14 ಸೆಂ.ಮೀ. ಬ್ಲಾಕ್ ಗಟ್ಟಿ ಮರದ್ದಾದರೆ ಕಾಲು ಕೆ.ಜಿ. ಹತ್ತಿರ ತೂಗುತ್ತದೆ. ಗ್ರಾನೈಟ್ ನೆಲದ ಮೇಲೆ ಬರಿಗಾಲಿನಲ್ಲಿ ಓಡಾಡುವ ಕೂಸಿನ ಹೆಬ್ಬೆರಳ ಮೇಲೆ ಅದು ಬಿದ್ದರೆ ಆಯ್ತು, ಆ ದಿನದ ಆಟ ಮುಗಿಯಿತು. 4 ಸೆಂ.ಮೀ. ಚೌಕವಾದರೆ ನಲವತ್ತು, ನಲವತ್ತೈದು ಗ್ರಾಂ. ಕೂಸು ಎಸೆಯುತ್ತದೆ, ಎಸೆಯದೆ ಇರಲ್ಲ, ತೂಕ ನೋಡುವಾಗ ಅದನ್ನೂ ನೆನಪಿಡಿ. ಇನ್ನೊಂದು ಕಡೆ, ಪ್ಲಾಸ್ಟಿಕ್ ಥರ ಹಗುರ ಇದ್ದರೆ ಫ್ಯಾನಿನ ಗಾಳಿಗೇ ಅಲುಗಾಡುತ್ತದೆ. ಸ್ವಲ್ಪ ಭಾರ ಇದ್ದರೇನೇ ಇಟ್ಟದ್ದು ಇಟ್ಟಲ್ಲಿ ಕೂರುವುದು.

ಯಾವ ಮರ ಅಂತ ಎಲ್ಲರೂ ಕೇಳುತ್ತಾರೆ. ನನಗೀಗ ಇದು ಮೂರನೇ ಪ್ರಶ್ನೆ, ಮೊದಲನೆಯದಲ್ಲ. ಹೊರದೇಶದ ಸೆಟ್‌ಗಳು ಬೀಚ್, ಮೇಪಲ್ ಮರದವು, ಗಟ್ಟಿ ಮರ, ಎಳೆ ಸಣ್ಣ, ಸಿಬಿರು ಏಳುವುದು ಕಡಿಮೆ. ಪೈನ್ ಹಗುರ, ಮೆತ್ತಗೆ, ಬಿದ್ದರೆ ಮೂಲೆ ಜಜ್ಜಿಕೊಳ್ಳುತ್ತದೆ. ನಮ್ಮಲ್ಲಿ ಮಾಡುವವರು ಜಾಸ್ತಿ ಬಳಸುವುದು ರಬ್ಬರ್ ಮರ, ಬೇವು, ತೇಗ, ಮಾವು. ರಬ್ಬರ್ ಮರ ಅಂದರೆ ಹಾಲು ಬತ್ತಿದ ಮೇಲೆ, ಇಪ್ಪತ್ತೈದು ಮೂವತ್ತು ವರ್ಷದ ನಂತರ ಕಡಿಯುವ ತೋಟದ ಮರ. ಅದರಲ್ಲಿ ಗಂಜಿಯಂಶ ಜಾಸ್ತಿ, ಹಾಗೇ ಬಿಟ್ಟರೆ ಹುಳು ಹೊಡೆಯುತ್ತದೆ. ಅದಕ್ಕೇ ಬೋರಾನ್ ಉಪ್ಪಿನಲ್ಲಿ ಹದ ಮಾಡಿ ಒಣಗಿಸುತ್ತಾರೆ. ಒಳ್ಳೆಯ ಮರವೇ, ಆದರೆ ಬಾಯಿಗೆ ಇಡುವ ಮಕ್ಕಳಿಗೆ ಕೊಡುವಾಗ ಮೇಲೆ ಲೇಪ ಇರಲಿ, ಐಎಸ್‌ಐ ಗುರುತೂ ಇರಲಿ. ತೇಗ ಚೆನ್ನ, ಬೆಲೆ ಕೇಳಬೇಡಿ, ಕೆಲವರ ಚರ್ಮಕ್ಕೆ ಅದರ ಪುಡಿ ಆಗಿಬರಲ್ಲ. ಜಾಲಿ ನಮ್ಮ ಕಡೆ ಎತ್ತಿನ ಗಾಡಿ ಚಕ್ರಕ್ಕೆ ಬಳಸುವ ಮರ, ಗಟ್ಟಿಯೇ ಗಟ್ಟಿ, ಆದರೆ ಕೂಸಿನ ಕೈಗೆ ಭಾರ. ಬೇವಿಗೆ ಹುಳದ ಕಾಟ ಕಡಿಮೆ, ನಮ್ಮೂರ ಸಾಮಿಲ್‌ಗಳಲ್ಲಿ ಸಿಗುತ್ತದೆ. ಹಿತ್ತಲಲ್ಲಿ ಕಡಿದು ಬಿದ್ದ ಹೆಸರು ಗೊತ್ತಿಲ್ಲದ ಕೊಂಬೆ ಮಾತ್ರ ಬೇಡವೇ ಬೇಡ. ಕಣಗಿಲೆಯಂಥ ಗಿಡದ ಬೇರು, ಕಾಂಡ, ಎಲೆ ಎಲ್ಲವೂ ವಿಷ.

ಯಾವ ಮರ ಅನ್ನುವುದಕ್ಕಿಂತ ಎಷ್ಟು ಒಣಗಿದೆ ಅನ್ನುವುದು ಮುಖ್ಯ. ಮರ ಉದ್ದಕ್ಕೆ ಕುಗ್ಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಅಡ್ಡಕ್ಕೆ ಕುಗ್ಗುತ್ತದೆ, ಅದೂ ಎಲ್ಲಾ ಕಡೆ ಒಂದೇ ಸಮ ಅಲ್ಲ. ವರ್ಷದ ಉಂಗುರಗಳ ಸುತ್ತು ಹಿಡಿದು ಕುಗ್ಗುವುದು ಜಾಸ್ತಿ, ತಿರುಳಿನಿಂದ ಹೊರಗೆ ಹೋಗುವ ದಿಕ್ಕಿನಲ್ಲಿ ಹೆಚ್ಚುಕಮ್ಮಿ ಅದರ ಅರ್ಧ. ಹಸಿ ಮರದಲ್ಲಿ ಎಷ್ಟೇ ಸರಿಯಾಗಿ ಚೌಕ ಕೊಯ್ದರೂ ಒಣಗಿದ ಮೇಲೆ ಅದು ಚೌಕವಾಗಿ ಉಳಿಯಲ್ಲ. ನಮ್ಮ ಮೊದಲ ಸೆಟ್ ಹಂಗೇ ಆಗಿದ್ದಿರಬೇಕು. ಮಳೆಗಾಲದಲ್ಲಿ ಎಲ್ಲೋ ತಂಪು ಕಡೆ ಕೊಯ್ದ ಮರ ದಾವಣಗೆರೆಯ ಮಾರ್ಚ್ ಬಿಸಿಲಿಗೆ ಬಂದರೆ ಏನಾಗಬೇಕು ಹೇಳಿ. ತೀರ್ಥಹಳ್ಳಿಯಲ್ಲಿರುವ ನಮ್ಮ ಅತ್ತಿಗೆಯ ಮನೆಯಲ್ಲಿ ಕತೆ ಉಲ್ಟಾ, ಅಲ್ಲಿ ಅದೇ ಬ್ಲಾಕ್ಸ್ ಆಷಾಢದಲ್ಲಿ ಉಬ್ಬಿ ಬೂಸ್ಟು ಹಿಡಿಯುತ್ತವೆ.

ನೋಡಬೇಕಾದ್ದು ಅಡ್ಡ ಕೊಯ್ದ ಮುಖ. ಪ್ರತಿ ಚೌಕದಲ್ಲೂ ಎರಡು ಮುಖಗಳಲ್ಲಿ ಉಂಗುರದ ಗೆರೆಗಳು ಕಾಣುತ್ತವೆ. ಬಿರುಕು ಶುರುವಾಗುವುದು ಅಲ್ಲೇ. ಕೂದಲೆಳೆಯಷ್ಟು ಗೆರೆ ಕಂಡರೂ ಬಿಡಿ, ನಾಳೆ ಅದು ಸಿಬಿರು ಆಗುತ್ತದೆ. ಗಂಟು ಇದ್ದರೆ ಬೆರಳಿಂದ ಒತ್ತಿ ನೋಡಿ, ಒಣಗಿದ ಗಂಟು ಒಂದು ದಿನ ಗುಂಡಿ ಕಳಚಿದಂತೆ ಕಳಚಿ ಬೀಳುತ್ತದೆ, ಮತ್ತು ಅದು ಸರಿಯಾಗಿ ಗಂಟಲಿಗೆ ಸಿಗುವ ಗಾತ್ರ. ಚಿಕ್ಕ ತೂತು ಇದ್ದು ಪಕ್ಕದಲ್ಲಿ ಹಿಟ್ಟು ಉದುರಿದ್ದರೆ ಒಳಗೆ ಹುಳು ಇದೆ ಅಂತ ಅರ್ಥ. ಎರಡು ಬ್ಲಾಕ್ ಒಂದಕ್ಕೊಂದು ಬಡಿದು ನೋಡಿ. ಒಣಗಿದ್ದು ಟಣ್ ಅನ್ನುತ್ತದೆ, ಹಸಿಯದ್ದು ದಬ್ ಅನ್ನುತ್ತದೆ. ತೆಂಗಿನಕಾಯಿ ಆರಿಸುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಆರೂ ಮುಖಕ್ಕೆ ದಪ್ಪ ಪೇಂಟ್ ಬಳಿದು ಒಂದು ಗೆರೆಯೂ ಕಾಣದಂತೆ ಮಾಡಿದ್ದರೆ ಒಳಗಿರುವುದು ಮರವೇ ಅಂತ ನಂಬಬೇಡಿ. ಎಂಡಿಎಫ್ ಇರಬಹುದು. ಅಂದರೆ ಮರದ ನಾರನ್ನು ಅಂಟಿನಲ್ಲಿ ಕಲಸಿ ಒತ್ತಿದ ಹಲಗೆ. ಡಬ್ಬದ ಮೇಲೆ ಇಂಜಿನಿಯರ್ಡ್ ವುಡ್ ಅಂತ ಗೌರವದ ಹೆಸರು ಇರುತ್ತದೆ. ಅದರ ಅಂಟು ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಸೇರಿದ್ದು, ಮೂಲೆ ಒಡೆದರೆ ಹೊಟ್ಟಿನ ಥರ ಉದುರುತ್ತದೆ, ಜೊಲ್ಲು ಕುಡಿದರೆ ಊದಿಕೊಳ್ಳುತ್ತದೆ. ಒಳ್ಳೆಯ ದರ್ಜೆಯ ಎಂಡಿಎಫ್ ಇದೆ, ಚಿತ್ರದ ಪಜಲ್‌ಗೆ ಸರಿ. ಕಚ್ಚುವ ಬ್ಲಾಕಿಗೆ ನಾನು ಕೊಡಲ್ಲ.

ಈಗ ಬಣ್ಣ. ನಮ್ಮ ಮೊದಲ ಸೆಟ್ಟಿನ ಇನ್ನೊಂದು ಗುಣ ಹೇಳಲೇಬೇಕು. ಒಂದು ದಿನ ಮಗಳು ಕೆಂಪು ಬ್ಲಾಕ್ ಹಿಡಿದುಕೊಂಡೇ ಬಚ್ಚಲಿಗೆ ಬಂದಳು. ಸ್ನಾನ ಮುಗಿಯುವಷ್ಟರಲ್ಲಿ ಅವಳ ಕೈ, ತುಟಿ, ಬಕೆಟ್ ನೀರು ಎಲ್ಲಾ ಓಕುಳಿ. ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ನಾನ್ ಟಾಕ್ಸಿಕ್ ಅಂತ ಇತ್ತು. ಆ ಮಾತಿಗೆ ಯಾವ ಪರೀಕ್ಷೆಯೂ ಬೇಕಿಲ್ಲ, ಯಾರು ಬೇಕಾದರೂ ಛಾಪಿಸಬಹುದು. ಎಕೋ ಫ್ರೆಂಡ್ಲಿ ಅನ್ನುವುದೂ ಅಷ್ಟೇ.

ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿ ನೋಡಿ ಅಂತ ಎಲ್ಲರೂ ಹೇಳುತ್ತಾರೆ. ಉಜ್ಜಿ. ಬಣ್ಣ ಬಿಟ್ಟರೆ ಆ ಸೆಟ್ ಬೇಡ. ಆದರೆ ಬಿಡದಿದ್ದರೆ ಒಳ್ಳೆಯದು ಅಂತಲ್ಲ, ಇಲ್ಲೇ ಎಷ್ಟೋ ಜನ ಮೋಸ ಹೋಗುವುದು. ಗಟ್ಟಿಯಾಗಿ ಅಂಟಿಕೊಂಡ ಪೇಂಟಿನಲ್ಲೇ ಸೀಸ ಇರಬಹುದು. ಹಳದಿ, ಕಿತ್ತಳೆ, ಕೆಂಪು ಬಣ್ಣಗಳಿಗೆ ಸೀಸದ ಕ್ರೋಮೇಟ್ ಹಾಕುವ ರೂಢಿ ಹಳೆಯದು, ಅದು ಮಿನುಗುವ ಬಣ್ಣ, ಮಾಸುವುದೂ ಕಡಿಮೆ. ಮಗು ಕಚ್ಚುತ್ತದೆ, ಚಕ್ಕೆ ಹೊಟ್ಟೆಗೆ ಹೋಗುತ್ತದೆ, ಹೊರಗೆ ಏನೂ ಗೊತ್ತಾಗಲ್ಲ. ಬೆಳೆಯುವ ಮೆದುಳಿಗೆ ಸೀಸದಿಂದ ಪೆಟ್ಟು, ಇಷ್ಟು ಇದ್ದರೆ ಪರವಾಗಿಲ್ಲ ಅನ್ನುವ ಪ್ರಮಾಣ ಯಾವುದೂ ಗೊತ್ತಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮನೆ ಪೇಂಟಿನಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ 90 ಪಾಲು, ಮೀರಬಾರದು ಅನ್ನೋ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅಟ್ಟದ ಮೇಲಿನ ಹಳೇ ಬಣ್ಣದ ಆಟಿಕೆ ಇಳಿಸಿ ಕೊಡುವ ಅಜ್ಜ ಅಜ್ಜಿಯರಿಗೆ ಇದನ್ನು ಮೆತ್ತಗೆ ಹೇಳಿ. ನಮ್ಮ ಮನೆಯಲ್ಲಿ ಹೇಳಿದ್ದಕ್ಕೆ "ನಿನ್ನ ಗಂಡ ಇದರಲ್ಲೇ ಆಡಿ ಬೆಳೆದದ್ದು" ಅಂತ ಉತ್ತರ ಬಂತು. ಗೋಪುರ ಐದಕ್ಕೇ ಬಿದ್ದದ್ದು ನೆನಪಾಗಿ ಬಾಯಿ ಮುಚ್ಚಿಕೊಂಡೆ.

ಕಣ್ಣಿಗೆ ಕಾಣದ್ದಕ್ಕೆ ಲ್ಯಾಬ್ ಪರೀಕ್ಷೆಯೇ ಗತಿ. ಅದಕ್ಕೇ ಐಎಸ್‌ಐ ಗುರುತು. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಇದು ಕಡ್ಡಾಯ. ವಿದ್ಯುತ್ ಇಲ್ಲದ ಆಟಿಕೆಗಳಿಗೆ ಐಎಸ್ 9873 ಅನ್ನೋ ಮಾನದಂಡ. ಅದರ 1ನೇ ಭಾಗ ಚೂಪು, ಚಿಕ್ಕ ತುಂಡು ಇಂಥವನ್ನು ನೋಡುತ್ತದೆ, 2ನೇ ಭಾಗ ಬೆಂಕಿಯನ್ನು. 3ನೇ ಭಾಗ ನಮಗೆ ಮುಖ್ಯ. ಬಣ್ಣವನ್ನು ಕೆರೆದು, ಹೊಟ್ಟೆಯ ಆಮ್ಲದಂಥ ತೆಳು ಆಮ್ಲದಲ್ಲಿ ಹಾಕಿ, ಮೈಯ ಬಿಸಿಯಷ್ಟು ಶಾಖದಲ್ಲಿ ಒಂದು ಗಂಟೆ ಅಲುಗಾಡಿಸಿ ಇನ್ನೊಂದು ಗಂಟೆ ಹಾಗೇ ಬಿಟ್ಟು, ಸೀಸ, ಪಾದರಸ, ಕ್ಯಾಡ್ಮಿಯಂ, ಆರ್ಸೆನಿಕ್ ಸೇರಿ ಎಂಟು ಧಾತುಗಳು ಎಷ್ಟು ಬಿಟ್ಟುಕೊಂಡವು ಅಂತ ಅಳೆಯುತ್ತಾರೆ. ಅಂದರೆ ಬಣ್ಣದಲ್ಲಿ ಏನಿದೆ ಅನ್ನುವುದಲ್ಲ, ನುಂಗಿದರೆ ಮೈಗೆ ಏನು ಸೇರುತ್ತದೆ ಅನ್ನುವ ಪರೀಕ್ಷೆ.

ಗುರುತನ್ನೂ ಸುಮ್ನೆ ನಂಬಬೇಕಿಲ್ಲ. ಚಿತ್ರದ ಮೇಲೆ ಐಎಸ್ ಸಂಖ್ಯೆ, ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರಬೇಕು. ಈ ಗುರುತು ಕೊಡುವುದು ಬಿಐಎಸ್ ಅನ್ನೋ ಸರ್ಕಾರದ ಸಂಸ್ಥೆ, ಅದರ ಬಿಐಎಸ್ ಕೇರ್ ಅನ್ನೋ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಯಾರ ಲೈಸೆನ್ಸು, ಯಾವ ವಸ್ತುವಿಗೆ, ಇನ್ನೂ ಚಾಲ್ತಿಯಲ್ಲಿದೆಯಾ ಅಂತ ತೋರಿಸುತ್ತದೆ. ಅಂಗಡಿಯಲ್ಲಿ ನಿಂತೇ ಮಾಡಬಹುದು. ಡಬ್ಬದ ಮೇಲೆ ಸಿಇ ಅಂತಿದ್ದರೆ ಅದು ಯುರೋಪಿನದು, ಸಾಮಾನ್ಯವಾಗಿ ತಯಾರಕರೇ ಘೋಷಿಸಿಕೊಳ್ಳುವ ಗುರುತು. ಎಫ್‌ಎಸ್‌ಸಿ ಅಂತಿದ್ದರೆ ಮರ ಯಾವ ಕಾಡಿನಿಂದ ಹೇಗೆ ಬಂತು ಅನ್ನುವುದಕ್ಕೆ ಸಂಬಂಧಿಸಿದ್ದು, ಬಣ್ಣಕ್ಕಲ್ಲ. ಮತ್ತೆ, ಒಂದು ಮಗುವಿನ ಮುಖ, 0-3 ಅಂತ ಬರೆದು ಅಡ್ಡಗೆರೆ ಹೊಡೆದ ಚಿತ್ರ ಇದ್ದರೆ ಡಬ್ಬ ವಾಪಸ್ ಕೊಡಿ. ಬುದ್ಧಿವಂತ ಮಕ್ಕಳಿಗೆ ಮೊದಲೇ ಕೊಡಬಹುದು ಅಂತ ಅದರ ಅರ್ಥ ಅಲ್ಲ, ಗಂಟಲಿಗೆ ಸಿಗುವ ತುಂಡು ಇದೆ ಅಂತ.

ಚನ್ನಪಟ್ಟಣದ ಗೊಂಬೆಗಳಲ್ಲಿ ಐಎಸ್‌ಐ ಕಾಣದಿದ್ದರೆ ಗಾಬರಿ ಬೇಡ. ನೋಂದಾಯಿತ ಕುಶಲಕರ್ಮಿಗಳು ಮಾಡಿ ಮಾರುವ ಆಟಿಕೆಗಳಿಗೂ ಭೌಗೋಳಿಕ ಗುರುತು ಪಡೆದವುಗಳ ನೋಂದಾಯಿತ ತಯಾರಕರಿಗೂ ಆ ನಿಯಮದಿಂದ ವಿನಾಯಿತಿ ಇದೆ. ಅಲ್ಲಿನ ಸಾಂಪ್ರದಾಯಿಕ ಕೆಲಸ ಆಲೆ ಮರದ್ದು, ಬಿಳಿ, ಹಗುರ, ಎಳೆ ಸಣ್ಣ. ಬಣ್ಣ ಕಲಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರೆ ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಪೇಂಟಿನ ಥರ ಚಕ್ಕೆ ಏಳಲ್ಲ. ಆದರೆ ಇದು ಚರಕಿಯ ಕೆಲಸ, ತಿರುಗಿಸಿ ಮಾಡುವುದು, ಹಾಗಾಗಿ ಗಿಲಕಿ, ಉಂಗುರ, ಬುಗುರಿ ಅಲ್ಲಿನ ಕೈಗೆ ಬಂದದ್ದು. ಚೌಕ ಬ್ಲಾಕ್ ಗರಗಸದ ಕೆಲಸ, ಅಲ್ಲಿಂದ ಬಂದದ್ದಾದರೂ ಮೂಲೆ ಪರೀಕ್ಷೆ ಮಾಡಿಯೇ ತಗೊಳ್ಳಿ. ಅರಗು ಬಿಸಿನೀರಿಗೆ ಮಂಕಾಗುತ್ತದೆ, ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಸ್ಯಾನಿಟೈಸರ್ ಹಚ್ಚಿ ಒರೆಸಬೇಡಿ.

ನಾವು ಎರಡನೇ ಸಲ ಅಂಗಡಿಗೆ ಹೋಗಲೇ ಇಲ್ಲ, ಆ ಬಡಗಿ ಅಜ್ಜನಿಗೇ ಹೇಳಿದೆವು. ಹೀಗೆ ಮಾಡಿಸುವವರು ಒಂದು ನೆನಪಿಡಿ, ಇಲ್ಲಿ ಲ್ಯಾಬೂ ಇಲ್ಲ, ಗುರುತೂ ಇಲ್ಲ, ಕೇಳಿ ತಿಳಿಯಬೇಕಾದವರು ನಾವೇ. ಗೆದ್ದಲಿಗೆ ಔಷಧಿ ಹೊಡೆದ ಮರ ಬೇಡ. ಹಳೇ ಬಾಗಿಲು ಚೌಕಟ್ಟಿನ ಮರ ಒಣಗಿರುತ್ತದೆ ನಿಜ, ಆದರೆ ಅದರ ಹಳೇ ಪೇಂಟ್ ಕೀಸಿದರೆ ಸೀಸದ ಪುಡಿ ಮನೆ ತುಂಬ. ಹೊರದೇಶದಿಂದ ಯಂತ್ರ ತಂದ ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಅಗ್ಗಕ್ಕೆ ಸಿಗುತ್ತದೆ. ಅದರ ಮೇಲೆ ಇಂಗ್ಲಿಷಿನಲ್ಲಿ ಎಚ್‌ಟಿ ಅಂತ ಮುದ್ರೆ ಇದ್ದರೆ ಬಿಸಿ ಮಾಡಿದ್ದು, ಎಂಬಿ ಅಂತಿದ್ದರೆ ಮೀಥೈಲ್ ಬ್ರೋಮೈಡ್ ಅನ್ನೋ ವಿಷದ ಹೊಗೆ ಕೊಟ್ಟದ್ದು. ಎರಡನೆಯದನ್ನು ಮುಟ್ಟಬೇಡಿ.

ಪಾಲಿಶ್ ವಿಷಯದಲ್ಲಿ ಅಜ್ಜನಿಗೂ ನನಗೂ ಜಟಾಪಟಿ ಆಯಿತು. ಅವರು ಮೆಲಮೈನ್ ಹೊಡೆದು ಕನ್ನಡಿ ಮಾಡಿಕೊಡ್ತೀನಿ ಅಂದರು. ಅದರಲ್ಲಿ ಮತ್ತೆ ಫಾರ್ಮಾಲ್ಡಿಹೈಡ್. ಅದೂ ಅಲ್ಲದೆ ಕನ್ನಡಿಯಂಥ ಬ್ಲಾಕ್ ಒಂದರ ಮೇಲೊಂದು ಜಾರುತ್ತದೆ, ಸ್ವಲ್ಪ ಒರಟಿದ್ದರೇನೇ ಹಿಡಿತ. ಕೊಬ್ಬರಿ ಎಣ್ಣೆ ಹಚ್ಚಿ ಅಂತ ನಮ್ಮ ಅಮ್ಮ. ಅದು ಎಂದಿಗೂ ಒಣಗಲ್ಲ, ಧೂಳು ಹಿಡಿದು ಕಮಟು ವಾಸನೆ ಬರುತ್ತದೆ. ಕೊನೆಗೆ ಒಪ್ಪಿದ್ದು ಅಗಸೆ ಎಣ್ಣೆ, ಚಟ್ನಿಪುಡಿ ಮಾಡುತ್ತೇವಲ್ಲ ಅದೇ ಅಗಸೆಯ ಗಾಣದ ಎಣ್ಣೆ, ಅದಕ್ಕೆ ಜೇನುಮೇಣ ಕರಗಿಸಿ ಸೇರಿಸಿದ್ದು. ಗಾಳಿಗೆ ನಿಧಾನ ಗಟ್ಟಿಯಾಗುವ ಎಣ್ಣೆ ಇದು, ಎರಡು ಮೂರು ವಾರ ಬೇಕು. ಹಾರ್ಡ್‌ವೇರ್ ಅಂಗಡಿಯ ಡಬಲ್ ಬಾಯ್ಲ್ಡ್ ಲಿನ್‌ಸೀಡ್ ಬೇರೆ, ಬೇಗ ಒಣಗಲಿ ಅಂತ ಅದಕ್ಕೆ ಲೋಹದ ಲವಣ ಸೇರಿಸಿರುತ್ತಾರೆ, ಅದು ಬೇಡ. ಇನ್ನೊಂದು, ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಒಣಹಾಕಿ.

ಅಂಚಿನ ವಿಷಯಕ್ಕೆ ಅಜ್ಜ ಹೇಳಿದ್ದು ಸರಿ ಇತ್ತು. ಸ್ಯಾಂಡ್ ಪೇಪರಿನಲ್ಲಿ 80, 120, ಆಮೇಲೆ 220 ನಂಬರಿನದು, ಅಂಚು ಬೆರಳಿಗೆ ಚುಚ್ಚದಷ್ಟು ಮಾತ್ರ ಉರುಟು. ಜಾಸ್ತಿ ಉರುಟು ಮಾಡಿದರೆ ಕೂರುವ ಜಾಗವೇ ಕಡಿಮೆಯಾಗಿ ಬ್ಲಾಕ್ ಉರುಳುತ್ತದೆ. ಬೇವಿನ ಚೇಗು, ಅಂದರೆ ಮರದ ಒಳಗಿನ ಗಟ್ಟಿ ಭಾಗ, ಸಿಕ್ಕಿತು, ವರ್ಷಗಟ್ಟಲೆ ಒಣಗಿದ್ದು. 4 ಸೆಂ.ಮೀ. ಚೌಕ ಹನ್ನೆರಡು, 8 ಸೆಂ.ಮೀ. ಉದ್ದದವು ಹನ್ನೆರಡು, 16ರವು ನಾಲ್ಕು. ಒಟ್ಟು ಇಪ್ಪತ್ತೆಂಟು.

ಇಷ್ಟೇ ಸಾಕಾ ಅಂತ ಕೇಳಿದವರಿದ್ದಾರೆ. ಎರಡು ವರ್ಷದವರೆಗೆ ಸಾಕು. ಮಕ್ಕಳು ಮೊದಲು ಕಟ್ಟುವುದಿಲ್ಲ, ಹೊರುತ್ತಾರೆ. ಬುಟ್ಟಿಗೆ ತುಂಬಿ, ಸುರಿದು, ಮತ್ತೆ ತುಂಬಿ, ಒಂದನ್ನು ಸೋಫಾ ಕೆಳಗೆ ಬಚ್ಚಿಟ್ಟು, ಇನ್ನೊಂದನ್ನು ಮಂಡಕ್ಕಿ ಡಬ್ಬಕ್ಕೆ ಹಾಕಿ. ಅದೂ ಆಟವೇ, ಭಾರ ಅಂದರೇನು ಅಂತ ಕೈ ಕಲಿಯುತ್ತಿರುತ್ತದೆ. ಆಮೇಲೆ ಸಾಲು, ಗೋಪುರ. ಒಂದೂವರೆ ವರ್ಷಕ್ಕೆ ಮೂರೋ ನಾಲ್ಕೋ, ಎರಡಕ್ಕೆ ಆರರ ಆಸುಪಾಸು, ಮೂರಕ್ಕೆ ಒಂಬತ್ತು ಹತ್ತು ಅಂತ ಒಂದು ಅಂದಾಜು. ಸ್ವಲ್ಪ ಹಿಂದೆ ಮುಂದೆ ಆಗುತ್ತದೆ, ಪಕ್ಕದ ಮನೆಯ ಮಗುವಿನ ಜೊತೆ ಲೆಕ್ಕ ಹಾಕಬೇಡಿ. ಸೇತುವೆ ಬರುವುದು ಮೂರರ ಹೊತ್ತಿಗೆ, ಆಮೇಲೆ ಸುತ್ತುಗೋಡೆ, ಮನೆ, ಅದಕ್ಕೊಂದು ಹೆಸರು. ಆಗ ಇನ್ನಷ್ಟು ಮಾಡಿಸಬಹುದು, ಅಳತೆ ಅದೇ ಇದ್ದರೆ ಹಳೆಯದಕ್ಕೆ ಹೊಸದು ಕೂಡುತ್ತದೆ. ಕಮಾನು, ತ್ರಿಕೋನ ಎರಡೆರಡು ಇದ್ದರೆ ಚೆಂದ. ನೂರು ತುಂಡಿನ ಡಬ್ಬದಲ್ಲಿ ನಲವತ್ತು ಆಕಾರ ತುಂಬಿದ್ದರೆ ಮಗುವಿಗೆ ಬೇಕಾದ ಚೌಕ ಯಾವಾಗಲೂ ಒಂದು ಕಡಿಮೆ.

ಅಕ್ಷರದ ಸ್ಟಿಕರ್ ಅಂಟಿಸಿದ್ದು ನನಗೆ ಇಷ್ಟವಿಲ್ಲ, ಎರಡೇ ದಿನಕ್ಕೆ ಕಿತ್ತು ಬಾಯಿಗೆ ಹೋಗುತ್ತದೆ. ಒಳಗೆ ಅಯಸ್ಕಾಂತ ಇಟ್ಟ ಮರದ ಬ್ಲಾಕ್ಸ್ ಬರುತ್ತವೆ, ಈ ವಯಸ್ಸಿಗೆ ಅದಂತೂ ಬೇಡವೇ ಬೇಡ. ಮರ ಸೀಳಿ ಎರಡು ಅಯಸ್ಕಾಂತ ಹೊಟ್ಟೆಗೆ ಹೋದರೆ ಕರುಳಿನ ಎರಡು ಮಡಿಕೆಗಳನ್ನು ಹಿಡಿದು ಒಂದಕ್ಕೊಂದು ಅಂಟಿಕೊಂಡು ತೂತು ಮಾಡಬಲ್ಲವು. ಹಂಗೇನಾದರೂ ನುಂಗಿದ ಅನುಮಾನ ಬಂದರೆ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಓಡಿ. ಬ್ಲಾಕ್ಸ್ ಇಡಲು ಉದ್ದ ದಾರದ ಚೀಲ ಬೇಡ, ಭಾರದ ಮುಚ್ಚಳದ ಪೆಟ್ಟಿಗೆಯೂ ಬೇಡ. ಬಾಯಿ ತೆರೆದ ಬಿದಿರು ಬುಟ್ಟಿ ಸಾಕು, ಅಂಚಿನ ಸೀಳು ಮಾತ್ರ ನೋಡಿಕೊಳ್ಳಿ.

ತೊಳೆಯುವುದು ಅಂದರೆ ನೆನೆಹಾಕುವುದಲ್ಲ. ಒದ್ದೆ ಬಟ್ಟೆಗೆ ಚೂರು ಸೋಪು ಹಚ್ಚಿ ಒರೆಸಿ, ಇನ್ನೊಮ್ಮೆ ಬರೀ ನೀರಿನ ಬಟ್ಟೆ, ಆಮೇಲೆ ನೆರಳಲ್ಲಿ ಆರಲು ಬಿಡಿ. ಹಪ್ಪಳದ ಜೊತೆ ಮಾಳಿಗೆಯ ಬಿಸಿಲಿಗೆ ಹಾಕಿದರೆ ಸಂಜೆಗೆ ಬಿರುಕು. ಬಾಟಲಿ ಕುದಿಸುವ ಪಾತ್ರೆಗೆ ಹಾಕಿದವರೂ ಇದ್ದಾರೆ, ಬೇಡ. ಆರು ತಿಂಗಳಿಗೊಮ್ಮೆ ಎಲ್ಲವನ್ನೂ ಕೈಯಲ್ಲಿ ತಿರುಗಿಸಿ ನೋಡಿ, ಸಿಬಿರು ಎದ್ದಿದ್ದರೆ ಉಜ್ಜಿ, ಮೇಣ ಹಚ್ಚಿ.

ನಮ್ಮ ಇಪ್ಪತ್ತೆಂಟರಲ್ಲಿ ಈಗ ಇಪ್ಪತ್ತೇಳು ಆಟಕ್ಕಿವೆ. 8 ಸೆಂ.ಮೀ.ದು ಒಂದು ಅಡುಗೆಮನೆ ಕಿಟಕಿಗೆ ಆನಿಕೆಯಾಗಿ ಕೂತಿದೆ. ಸರಿಯಾಗಿ ಅಳತೆಗೆ ಬಂತು ಅಂತ ಅಮ್ಮ ವಾಪಸ್ ಕೊಡುತ್ತಿಲ್ಲ.